ಪೋಲಿಷ್‌ನ ಚಿಲ್ಲರೆ ಅಪರಾಧಗಳು: ಇಂಗ್ಲಿಷಿಗೆ ತರುವಾಗ ಯಾವ ಪದ ಹಾಕುತ್ತೀರಿ?

ಪೊಜ್ನಾನ್_ಪುಟ್ಟ

ಎಲ್ಲರಿಗೂ ನಮಸ್ಕಾರ. ಪೋಲೆಂಡಿಗೆ ಬಂದ ಮೇಲೆ ನನಗೆ ಪೋಲಿಷ್ ಒಂದಿಷ್ಟು ಹಿಡಿತಕ್ಕೆ ಬಂದಿದೆ. ಹಾಗಾಗಿ ಇಲ್ಲಿರುವ ನಮ್ಮವರಿಗೆ ಯಾವ ಸರ್ಕಾರಿ ಕಾಗದ ಬಂದರೂ ಮೊದಲು ನನ್ನ ಕೈಗೇ ಬರುತ್ತದೆ. ಮೊನ್ನೆ ಒಬ್ಬ ಹುಡುಗ ಇಂಗ್ಲೆಂಡ್ ವೀಸಾಕ್ಕೆ ಬೇಕು ಅಂತ ಎರಡು ಕಾಗದ ತಂದ. ಒಂದು, ಬಿಯರ್ ಕುಡಿದು ಸೈಕಲ್ ಓಡಿಸಿದ್ದಕ್ಕೆ ಪೊಲೀಸರು ಕೊಟ್ಟದ್ದು. ಇನ್ನೊಂದು, ಟಿಕೆಟ್ ಇಲ್ಲದೆ ಟ್ರಾಮ್ ಹತ್ತಿದ್ದಕ್ಕೆ ಸಿಕ್ಕಿದ್ದು. ಜೊತೆಗೆ ಯಾವುದೋ ಏಜೆನ್ಸಿಯವರು ಮಾಡಿಕೊಟ್ಟ ಇಂಗ್ಲಿಷ್ ಅನುವಾದವೂ ಇತ್ತು.

ಆ ಇಂಗ್ಲಿಷ್ ಓದಿದರೆ ಹುಡುಗ ದೊಡ್ಡ ಕ್ರಿಮಿನಲ್ ಅನ್ನಿಸುತ್ತದೆ. ‘ವಿಕ್ರೊಚೆನ್ಯೆ’ ಅಂತ ಇದ್ದ ಕಡೆಯಲ್ಲೆಲ್ಲ ‘ಕ್ರೈಮ್’. ‘ಮಾಂದಾತ್ ಕಾರ್ನಿ’ ಅನ್ನುವುದಕ್ಕೆ ‘ಕ್ರಿಮಿನಲ್ ಮ್ಯಾಂಡೇಟ್’. ಅದರ ಮುಂದೆ ‘ಕ್ರೆದಿತೊವಾನಿ’ ಅಂತ ಇದ್ದದ್ದು ‘ಕ್ರೆಡಿಟ್’ ಆಗಿಬಿಟ್ಟಿದೆ. ಕ್ರಿಮಿನಲ್ ಕ್ರೆಡಿಟ್ ಮ್ಯಾಂಡೇಟ್ ಅಂದರೆ ವೀಸಾ ಆಫೀಸರ್ ಏನು ಅಂದುಕೊಳ್ಳಬೇಕು?

ಮೊಹರು ಹಾಕಿದ ಅನುವಾದ ಹೇಗೂ ಮಾಡಿಸಲೇಬೇಕು. ಅದಕ್ಕೂ ಮೊದಲು ಈ ಪದಗಳ ಜಾಡು ನನಗೇ ಸ್ಪಷ್ಟ ಆಗಬೇಕಿತ್ತು. ಗೊತ್ತಿರುವವರು ಹೇಳಿ.

ವಿಸ್ತುಲಾ_ತೀರ

ಪುಟ್ಟ ಅವರೇ, ನಾನು ಕ್ರಾಕುಫ್‌ನಲ್ಲಿದ್ದೇನೆ, ಅನುವಾದವೇ ನನ್ನ ಹೊಟ್ಟೆಪಾಡು. ಮೊದಲ ಪದದಲ್ಲೇ ಇಡೀ ಸಮಸ್ಯೆ ಇದೆ, ಅದನ್ನೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಪೋಲೆಂಡಿನಲ್ಲಿ ತಪ್ಪುಗಳಿಗೆ ಎರಡು ಬೇರೆ ಬೇರೆ ಸಂಹಿತೆಗಳಿವೆ. ದೊಡ್ಡ ತಪ್ಪುಗಳು ‘ಪ್ಶೆಸ್ತೆಂಪ್ಸ್ತ್ವೊ’. ಅವಕ್ಕೆ 1997ರ ದಂಡ ಸಂಹಿತೆ. ಅದರಲ್ಲೂ ಎರಡು ಅಂತಸ್ತು. ಕನಿಷ್ಠ 3 ವರ್ಷ ಜೈಲು ಇರುವ ಘೋರ ಅಪರಾಧ ‘ಜ್ಬ್ರೊದ್ನ್ಯಾ’, ಅದಕ್ಕಿಂತ ಕೆಳಗಿನದು ‘ವಿಸ್ತೆಂಪೆಕ್’. ಈ ‘ವಿಕ್ರೊಚೆನ್ಯೆ’ ಅನ್ನುವುದು ಆ ಮನೆಯೊಳಗೇ ಇಲ್ಲ. ಅದಕ್ಕೆ 1971ರ ಬೇರೆಯೇ ಸಂಹಿತೆ ಇದೆ. ಅಲ್ಲಿ ಶಿಕ್ಷೆ ಅಂದರೆ ನಾಲ್ಕೇ ಬಗೆ: 5ರಿಂದ 30 ದಿನ ಕೂಡಿಹಾಕುವುದು, 1 ತಿಂಗಳು ಸಮುದಾಯ ಕೆಲಸದಂಥ ನಿರ್ಬಂಧ, ದಂಡ, ಇಲ್ಲವೇ ಬರೀ ಛೀಮಾರಿ. ದಂಡ ಸಾಮಾನ್ಯವಾಗಿ 20ರಿಂದ 5000 ಜ್ವೊತಿ (ಪೋಲೆಂಡಿನ ಹಣ). ರಸ್ತೆ ಸಂಚಾರದ ಕೆಲವು ತಪ್ಪುಗಳಿಗೆ 2022ರಿಂದ 30,000ದವರೆಗೂ ಏರಿಸಿದ್ದಾರೆ.

ಇನ್ನೊಂದು ವಿಷಯ. 2001ರವರೆಗೆ ಈ ಚಿಲ್ಲರೆ ತಪ್ಪುಗಳನ್ನು ವಿಚಾರಿಸುತ್ತಿದ್ದದ್ದು ಕೋರ್ಟ್ ಅಲ್ಲ, ‘ಕೊಲೆಗ್ಯುಮ್’ ಅನ್ನುವ ಮಂಡಳಿ. ಆಮೇಲೆ ಕೋರ್ಟಿಗೆ ಬಂತು. ಆದರೂ ಇವತ್ತಿಗೂ ಜನರ ಮನಸ್ಸಿನಲ್ಲಿ ಅದು ‘ಅಪರಾಧ’ ಅಲ್ಲ. ಕಾನೂನಿನಲ್ಲೂ ಅಲ್ಲ. ಹಾಗಾಗಿ ‘ಕ್ರೈಮ್’ ಅಂತ ಹಾಕಿದರೆ ಅದು ಒರಟು ಅನುವಾದ ಅಷ್ಟೇ ಅಲ್ಲ, ಸುಳ್ಳು ಅನುವಾದ. ನಾನು ‘ಪೆಟ್ಟಿ ಅಫೆನ್ಸ್’ ಅಂತಲೇ ಬರೆಯುತ್ತೇನೆ. ಮೊದಲ ಸಲ ಬಂದಾಗ ಕೆಳಗೊಂದು ಅನುವಾದಕರ ಟಿಪ್ಪಣಿ ಹಾಕಿ, ಪೋಲಿಷ್ ಕಾನೂನಿನಲ್ಲಿ ಇದು ಕ್ರೈಮ್ ವರ್ಗಕ್ಕೆ ಸೇರುವುದಿಲ್ಲ ಅಂತ ಒಂದು ಸಾಲು ಸೇರಿಸುತ್ತೇನೆ.

ಹರಟೆಮಲ್ಲ

ಅಂದರೆ ನಮ್ಮ ‘ಪೆಟ್ಟಿ ಕೇಸ್’ ಅನ್ನಿ! ಸ್ಟೇಷನ್‌ನಲ್ಲಿ ‘ಏನಿಲ್ಲ ಸ್ವಾಮಿ, ಒಂದು ಪೆಟ್ಟಿ ಕೇಸ್ ಹಾಕಿ ಬಿಡ್ತೀವಿ’ ಅಂತಾರಲ್ಲ, ಅದೇ.

ಕೋರ್ಟು_ಕಟ್ಟೆ

ಮಲ್ಲಣ್ಣ, ಹತ್ತಿರ ಹತ್ತಿರ. ಪೂರ್ತಿ ಅದೇ ಅಲ್ಲ. ನಮ್ಮಲ್ಲಿ ಪೆಟ್ಟಿ ಕೇಸ್ ಅನ್ನುವುದು ಹೆಚ್ಚಾಗಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಸೆಕ್ಷನ್‌ನಂಥವು. ಬೀದಿಯಲ್ಲಿ ಗಲಾಟೆ, ದಾರಿಗೆ ಅಡ್ಡ, ಆ ಥರ. ಅವೂ ನಮ್ಮ ಲೆಕ್ಕದಲ್ಲಿ ಅಪರಾಧವೇ, ಸಣ್ಣದು ಅಷ್ಟೆ. ಪೋಲೆಂಡಿನವರದು ವರ್ಗವೇ ಬೇರೆ. ಆದರೂ ಕನ್ನಡದವನಿಗೆ ತಿಳಿಹೇಳಲು ‘ಪೆಟ್ಟಿ ಕೇಸ್’ ಸಾಕು. ಇಂಗ್ಲೆಂಡಿನವನಿಗೆ ತಿಳಿಹೇಳುವುದು ಬೇರೆ ಮಾತು.

ಲಂಡನ್_ಮಳೆ

ನಾನು ಇಲ್ಲಿ ಸಾಲಿಸಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಈ ತರಹದ ಅನುವಾದಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಒಂದು ಕೋರಿಕೆ: ದಯವಿಟ್ಟು ‘ಮಿಸ್‌ಡಿಮೀನರ್’ ಹಾಕಬೇಡಿ. ಆನ್‌ಲೈನ್ ನಿಘಂಟುಗಳಲ್ಲಿ ವಿಕ್ರೊಚೆನ್ಯೆಗೆ ಅದೇ ಮೊದಲು ಸಿಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡದು ‘ಫೆಲನಿ’, ಸಣ್ಣದು ‘ಮಿಸ್‌ಡಿಮೀನರ್’ ಅನ್ನುವ ವಿಂಗಡಣೆಯನ್ನೇ 1967ರಲ್ಲಿ ತೆಗೆದುಹಾಕಿದ್ದಾರೆ. ಅಮೆರಿಕದಲ್ಲಿ ಪದ ಬದುಕಿದೆ. ಆದರೆ ಅಲ್ಲಿ ಮಿಸ್‌ಡಿಮೀನರ್ ಅಂದರೆ ಕ್ರೈಮೇ, ಒಂದು ವರ್ಷದವರೆಗೆ ಜೈಲಿಗೂ ಹೋಗಬಹುದು. ಅದನ್ನು ಹಾಕಬೇಕಾದರೆ ‘ವಿಸ್ತೆಂಪೆಕ್’ಗೆ ಹಾಕಿ. ಅಲ್ಲಿ ಸ್ವಲ್ಪವಾದರೂ ಹೊಂದುತ್ತದೆ.

ವೀಸಾ ಫಾರಂ ಬಗ್ಗೆ ಹೇಳುವುದಾದರೆ, ಅಲ್ಲಿ ಕ್ರಿಮಿನಲ್ ಕನ್ವಿಕ್ಷನ್ ಬೇರೆ, ವಾಹನ ಓಡಿಸುವಾಗಿನ ದಂಡ ಬೇರೆ ಅಂತ ಕೇಳುತ್ತಾರೆ. ಹುಡುಗ ಏನನ್ನೂ ಮುಚ್ಚಿಡುವುದು ಬೇಡ. ಆದರೆ ಸರಿಯಾದ ಖಾನೆಯಲ್ಲಿ ಸರಿಯಾದ ಪದ ಬರಲಿ.

ಪೊಜ್ನಾನ್_ಪುಟ್ಟ

ಇದು ತುಂಬ ಉಪಯೋಗ ಆಯ್ತು. ಹಾಗಾದರೆ ಈ ಮಾಂದಾತ್? ‘ಫೈನ್’ ಅಂತ ಹಾಕಿದರೆ ಮುಗೀತಲ್ವಾ?

ವಿಸ್ತುಲಾ_ತೀರ

ಮುಗಿಯುವುದಿಲ್ಲ. ಫೈನ್ ಅನ್ನುವುದು ‘ಗ್ಜಿವ್ನಾ’. ಅದು ಶಿಕ್ಷೆ. ಮಾಂದಾತ್ ಅನ್ನುವುದು ಆ ಶಿಕ್ಷೆಯನ್ನು ಕೋರ್ಟಿಗೆ ಹೋಗದೆ ಬೀದಿಯಲ್ಲೇ ಹಾಕುವ ಚೀಟಿ. ಕಾಗದದಲ್ಲಿ ಎರಡೂ ಪದ ಇರುತ್ತವೆ. ಎರಡಕ್ಕೂ ಫೈನ್ ಅಂದರೆ ‘ಫೈನಿನ ಮೂಲಕ ಫೈನ್ ಹಾಕಲಾಗಿದೆ’ ಅಂತಾಗುತ್ತದೆ, ನಗೆಪಾಟಲು.

ಬೀದಿಯಲ್ಲಿ ನಡೆಯುವುದು ಹೀಗೆ. ಪೊಲೀಸ್ ಅಥವಾ ನಗರ ಕಾವಲು ಪಡೆಯವರು, ‘ಸ್ತ್ರಾಶ್ ಮ್ಯೆಯ್ಸ್ಕಾ’ ಅಂತಾರೆ, ನಿಲ್ಲಿಸುತ್ತಾರೆ. ತಪ್ಪು ಏನು, ದಂಡ ಎಷ್ಟು ಅಂತ ಹೇಳುತ್ತಾರೆ. ಆಮೇಲೆ ಕೇಳಲೇಬೇಕು: ಒಪ್ಪುತ್ತೀರಾ, ಇಲ್ಲವಾ? ಇಲ್ಲ ಅಂದರೆ ಚೀಟಿ ಇಲ್ಲ, ವಿಷಯ ಕೋರ್ಟಿಗೆ. ಹೂಂ ಅಂದು ಸಹಿ ಹಾಕಿದರೆ ಆ ಕ್ಷಣಕ್ಕೇ ಅದು ಅಂತಿಮ. ಮೇಲ್ಮನವಿ ಅಂತ ಏನೂ ಇಲ್ಲ. ಆ ಕೃತ್ಯ ಕಾನೂನಿನಲ್ಲಿ ವಿಕ್ರೊಚೆನ್ಯೆಯೇ ಅಲ್ಲ ಅನ್ನುವಂಥ ಕೆಲವೇ ಕಾರಣಗಳಿಗೆ 7 ದಿನದೊಳಗೆ ಕೋರ್ಟನ್ನು ಕೇಳಬಹುದು.

ನಿಮ್ಮ ‘ಕ್ರೆದಿತೊವಾನಿ’ ಅಂದರೆ ಸಾಲ ಅಲ್ಲ ಮಾರಾಯ್ರೆ. ಸಹಿ ಹಾಕಿ ಚೀಟಿ ತಗೊಂಡು 7 ದಿನದೊಳಗೆ ದುಡ್ಡು ಕಟ್ಟುವ ಬಗೆ. ಇನ್ನೊಂದು ಬಗೆ ಸ್ಥಳದಲ್ಲೇ ಕಟ್ಟುವುದು. ಪೋಲೆಂಡಿನಲ್ಲಿ ಖಾಯಂ ಆಗಿ ಇರದವರಿಗೆ ಅದು ಬೀಳುತ್ತದೆ. ನಾನು ಮಾಂದಾತ್‌ಗೆ ‘ಪೆನಾಲ್ಟಿ ನೋಟಿಸ್’ ಅಂತಲೂ, ಕ್ರೆದಿತೊವಾನಿಗೆ ‘7 ದಿನದೊಳಗೆ ಕಟ್ಟತಕ್ಕದ್ದು’ ಅನ್ನುವ ಅರ್ಥದ ಇಂಗ್ಲಿಷನ್ನೂ ಹಾಕುತ್ತೇನೆ. ಪದಕ್ಕೆ ಪದ ಹುಡುಕಲು ಹೋದರೆ ಅಲ್ಲೇ ಎಡವುವುದು.

ಲಂಡನ್_ಮಳೆ

ಇದರಲ್ಲಿ ಒಂದು ಸೂಕ್ಷ್ಮ ಇದೆ, ಅಕ್ಕ. ‘ಫಿಕ್ಸ್‌ಡ್ ಪೆನಾಲ್ಟಿ ನೋಟಿಸ್’ ಅಂತ ಬ್ರಿಟಿಷ್ ಹೆಸರನ್ನೇ ಹಾಕುವವರು ಇದ್ದಾರೆ. ಇಲ್ಲಿ ಆ ದುಡ್ಡು ಕಟ್ಟಿದರೆ ವಿಷಯ ಅಲ್ಲಿಗೇ ಮುಗೀತು, ಅದು ಕನ್ವಿಕ್ಷನ್ ಆಗುವುದಿಲ್ಲ. ಪೋಲಿಷ್ ಮಾಂದಾತ್‌ಗೆ ಸಹಿ ಹಾಕಿದರೆ ದಂಡದ ಶಿಕ್ಷೆಯನ್ನೇ ಒಪ್ಪಿಕೊಂಡ ಹಾಗೆ. ಹಾಗಾಗಿ ‘ಫಿಕ್ಸ್‌ಡ್’ ಬಿಟ್ಟು ಬರೀ ‘ಪೆನಾಲ್ಟಿ ನೋಟಿಸ್’, ಜೊತೆಗೆ ‘ಅಕ್ಸೆಪ್ಟೆಡ್’ ಅನ್ನುವ ಮಾತು ಉಳಿಸಿ. ಆ ಒಂದು ಪದ ಬಿಟ್ಟುಹೋದ ಕಡತ ನೋಡಿದಾಗೆಲ್ಲ ನಾನು ಅನುವಾದಕರಿಗೆ ವಾಪಸ್ ಕಳಿಸುತ್ತೇನೆ.

ವ್ರೊತ್ಸ್ವಾಫ್_ವಿದ್ಯಾರ್ಥಿ

ಟ್ರಾಮ್ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ಟಿಕೆಟ್ ನೋಡುವವರನ್ನು ಹುಡುಗರು ‘ಕಾನಾರ್’ ಅಂತಾರೆ. ‘ಕಾನಾರ್ ಮಾಂದಾತ್ ಹಾಕಿದ’ ಅಂತಾನೇ ಎಲ್ಲರೂ ಹೇಳೋದು. ಹಾಗಾದ್ರೆ ಅದೂ ಪೆಟ್ಟಿ ಅಫೆನ್ಸಾ? ನನಗೂ ಒಂದು ಬಿದ್ದಿದೆ, ಅದಕ್ಕೇ ಕೇಳ್ತಿದೀನಿ.

ವಿಸ್ತುಲಾ_ತೀರ

ತಮ್ಮಾ, ಹೆದರಬೇಡ. ಬಾಯಿಮಾತಿನಲ್ಲಿ ಮಾಂದಾತ್, ಕಾಗದದಲ್ಲಿ ಅಲ್ಲ. ಚೀಟಿ ತೆಗೆದು ನೋಡು, ‘ಒಪ್ವಾತಾ ದೊದಾತ್ಕೊವಾ’ ಅಂತ ಇರುತ್ತದೆ. ಹೆಚ್ಚುವರಿ ಶುಲ್ಕ ಅಂತ ಅರ್ಥ. ಅದು 1984ರ ಸಾರಿಗೆ ಕಾನೂನಿನಿಂದ ಬಂದದ್ದು. ನಿನಗೂ ಟ್ರಾಮ್ ನಡೆಸುವವರಿಗೂ ನಡುವಿನ ದುಡ್ಡಿನ ಲೆಕ್ಕ ಅಷ್ಟೆ. ಪುಟ್ಟ ಅವರ ಹುಡುಗನ ಎರಡನೇ ಕಾಗದ ಇದೇ ಆಗಿದ್ದರೆ ಅದಕ್ಕೆ ‘ಫೈನ್’ ಅನ್ನುವ ಪದವೇ ಬರಬಾರದು. ‘ಅಡಿಷನಲ್ ಚಾರ್ಜ್’ ಸಾಕು. ಇಂಗ್ಲೆಂಡಿನ ಸಾರಿಗೆಯವರು ‘ಪೆನಾಲ್ಟಿ ಫೇರ್’ ಅಂತಾರೆ, ಓದುವವರು ಅಲ್ಲಿಯವರಾದರೆ ಅದೂ ನಡೆಯುತ್ತದೆ. ಅದನ್ನು ವೀಸಾ ಕಡತಕ್ಕೆ ಸೇರಿಸುವ ಅಗತ್ಯವೇ ಇದೆಯಾ ಅಂತ ಲಂಡನ್ ಅವರನ್ನು ಕೇಳಿ.

ಲಂಡನ್_ಮಳೆ

ಇಲ್ಲ, ಅಗತ್ಯ ಇಲ್ಲ. ದುಡ್ಡು ಕಟ್ಟಿದ ರಸೀದಿ ಮನೆಯಲ್ಲಿ ಇರಲಿ.

ವಿಸ್ತುಲಾ_ತೀರ

ಆದರೆ ತಮ್ಮಾ, ಇದನ್ನೇ ಚಾಳಿ ಮಾಡಿಕೊಳ್ಳಬೇಡ. ವಿಕ್ರೊಚೆನ್ಯೆ ಸಂಹಿತೆಯ 121ನೇ ವಿಧಿ ಇದೆ, ಹೆಸರು ‘ಶಾಲ್‌ಬ್ಯೆರ್ಸ್ತ್ವೊ’. ಎರಡು ಸಲ ಬಿದ್ದ ಶುಲ್ಕ ಕಟ್ಟದೆ, ಒಂದು ವರ್ಷದೊಳಗೆ ಮೂರನೇ ಸಲವೂ ದುಡ್ಡು ಕೊಡುವ ಉದ್ದೇಶವೇ ಇಲ್ಲದೆ ಹತ್ತಿದರೆ, ಆಗ ಅದು ನಿಜವಾದ ಪೆಟ್ಟಿ ಅಫೆನ್ಸ್. ಅದೇ ವಿಧಿಯ ಎರಡನೇ ಭಾಗದಲ್ಲಿ ಹೋಟೆಲಿನಲ್ಲಿ ದುಡ್ಡು ಕೊಡುವ ಉದ್ದೇಶ ಇಲ್ಲದೆ ಉಣ್ಣುವುದು, ಟಿಕೆಟ್ ಇಲ್ಲದೆ ನಾಟಕಕ್ಕೋ ಪಂದ್ಯಕ್ಕೋ ನುಗ್ಗುವುದು ಎಲ್ಲ ಬರುತ್ತವೆ.

ಇಡೀ ಸಂಹಿತೆಯಲ್ಲಿ ನನಗೆ ಇಷ್ಟವಾದ ಪದ ಇದು. ಹಳೇ ಕಾಲದ ಪದ, ಈಗ ಮಾತಿನಲ್ಲಿ ಯಾರೂ ಬಳಸುವುದಿಲ್ಲ. ನಮ್ಮ ‘ಟೋಪಿ ಹಾಕುವುದು’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಇಂಗ್ಲಿಷಿನಲ್ಲಿ ‘ಸ್ವಿಂಡ್ಲಿಂಗ್’ ಅಂತ ಹಾಕುವವರಿದ್ದಾರೆ. ಅದು ಲಕ್ಷಾಂತರ ನುಂಗಿದವನ ಪದ. ಟ್ರಾಮ್ ಹತ್ತಿದವನಿಗೆ ತೂಕ ಜಾಸ್ತಿ ಆಯಿತು.

ಲಂಡನ್_ಮಳೆ

ಹೋಟೆಲ್ ಊಟಕ್ಕೆ ‘ಮೇಕಿಂಗ್ ಆಫ್ ವಿದೌಟ್ ಪೇಮೆಂಟ್’ ಅಂತ ಹಾಕಿದ್ದು ನೋಡಿದ್ದೇನೆ. ಅದು 1978ರ ಥೆಫ್ಟ್ ಆಕ್ಟ್‌ನ ಅಪರಾಧ. ಅಲ್ಲಿ ಮುಖ್ಯ ಆಗುವುದು ಕೊನೆಗೆ ಎದ್ದು ಓಡಿದ್ದು. ಪೋಲಿಷ್‌ನಲ್ಲಿ ಮುಖ್ಯ, ಮೊದಲಿನಿಂದಲೇ ಕೊಡುವ ಮನಸ್ಸಿರಲಿಲ್ಲ ಅನ್ನುವುದು. ಅದಕ್ಕೆ ನಮ್ಮಲ್ಲಿ 2006ರ ಫ್ರಾಡ್ ಆಕ್ಟ್‌ನ 11ನೇ ಸೆಕ್ಷನ್ ಹತ್ತಿರ. ‘ಆಬ್ಟೈನಿಂಗ್ ಸರ್ವೀಸಸ್ ಡಿಸಾನೆಸ್ಟ್ಲಿ’. ಹಾಗಂತ ಆ ಹೆಸರನ್ನೇ ಎತ್ತಿ ಹಾಕಿ ಅಂತ ನಾನು ಹೇಳುತ್ತಿಲ್ಲ. ಯಾಕೆ ಅಂದರೆ ಇಲ್ಲಿ ಫ್ರಾಡ್ ಅಂದ ತಕ್ಷಣ ಆಫೀಸರ್ ಮುಖ ಬಿಗಿಯಾಗುತ್ತದೆ.

ಹರಟೆಮಲ್ಲ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಸುಮ್ನೆ ಹೇಳಿಲ್ಲ ನೋಡಿ. ಇಲ್ಲಿ ಮಾನ ಕಳೀತಿರೋದು ಟ್ರಾಮ್ ಅಲ್ಲ, ಅನುವಾದ!

ಪೊಜ್ನಾನ್_ಪುಟ್ಟ

ಮಲ್ಲಣ್ಣ ಸರಿಯಾಗಿ ಹೇಳಿದ್ರಿ. ಮುಂದಿನದು ಕಳ್ಳತನ. ‘ಕ್ರಾಜೆಶ್’ ಅಂದರೆ ‘ಥೆಫ್ಟ್’, ಇದರಲ್ಲಂತೂ ತಕರಾರು ಇಲ್ಲ ತಾನೇ?

ವಿಸ್ತುಲಾ_ತೀರ

ಇದರಲ್ಲೇ ಹೆಚ್ಚು ತಕರಾರು. ಕದ್ದ ವಸ್ತುವಿನ ಬೆಲೆ 800 ಜ್ವೊತಿ ಮೀರದಿದ್ದರೆ ಅದು ವಿಕ್ರೊಚೆನ್ಯೆ. ಮೀರಿದರೆ ಪ್ಶೆಸ್ತೆಂಪ್ಸ್ತ್ವೊ. ಅದೇ ಅಂಗಡಿ, ಅದೇ ಕೈ, ಅದೇ ಜಾಕೆಟ್. ಬೆಲೆಚೀಟಿ ನೋಡಿ ಯಾವ ಸಂಹಿತೆ ಅಂತ ತೀರ್ಮಾನ. 2023ರ ಅಕ್ಟೋಬರ್ 1ರ ಮೊದಲು ಆ ಗೆರೆ 500ರಲ್ಲಿ ಇತ್ತು. ಇಂಥವನ್ನು ಇಲ್ಲಿನ ವಕೀಲರು ‘ಅರ್ಧ ಸೀಳಿದ ಕೃತ್ಯಗಳು’ ಅಂತಾರೆ. ಬೇರೆಯವರ ವಸ್ತು ಹಾಳುಮಾಡುವುದೂ ಹೀಗೇ ಎರಡು ಸೀಳು.

ಹಾಗಾಗಿ ಬರೀ ‘ಥೆಫ್ಟ್’ ಅಂತ ಬರೆದು ಬಿಟ್ಟರೆ ಓದುವವರಿಗೆ ಯಾವ ಅರ್ಧ ಅಂತ ಗೊತ್ತಾಗುವುದಿಲ್ಲ. ನಾನು ವಿಧಿಯ ಸಂಖ್ಯೆಯ ಜೊತೆಗೆ ಯಾವ ಸಂಹಿತೆ ಅನ್ನುವುದನ್ನೂ ಬಿಡದೆ ಬರೆಯುತ್ತೇನೆ. 119ನೇ ವಿಧಿ ಅಂದರೆ ವಿಕ್ರೊಚೆನ್ಯೆ ಸಂಹಿತೆ, 278 ಅಂದರೆ ದಂಡ ಸಂಹಿತೆ. ದಂಡ ಸಂಹಿತೆಗೆ ‘ಕೆ.ಕೆ.’, ವಿಕ್ರೊಚೆನ್ಯೆ ಸಂಹಿತೆಗೆ ‘ಕೆ.ಡಬ್ಲ್ಯೂ.’ ಅಂತ ಬರೀ ಎರಡು ಅಕ್ಷರ ಇರುತ್ತದೆ ಮೂಲದಲ್ಲಿ. ಅವಸರದ ಅನುವಾದಕರು ಅದನ್ನು ಹಾಗೇ ಉಳಿಸಿ ಕೈತೊಳೆದುಕೊಳ್ಳುತ್ತಾರೆ. ಇಂಗ್ಲಿಷ್ ಓದುಗನಿಗೆ ಆ ಎರಡು ಅಕ್ಷರ ಏನೂ ಹೇಳುವುದಿಲ್ಲ.

ಕೋರ್ಟು_ಕಟ್ಟೆ

ಹೋಲಿಸಿ ನೋಡಲು ಚೆನ್ನಾಗಿದೆ. 2024ರ ಜುಲೈ 1ರಿಂದ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲೂ ಒಂದು ಗೆರೆ ಇದೆ. ಕದ್ದದ್ದು 5000 ರೂಪಾಯಿಗಿಂತ ಕಡಿಮೆ, ಮೊದಲ ಸಲ, ವಸ್ತು ವಾಪಸ್ ಕೊಟ್ಟರೆ, ಸಮುದಾಯ ಸೇವೆ. ಆದರೆ ನಮ್ಮಲ್ಲಿ ಗೆರೆಯ ಆಚೆ ಈಚೆ ಎರಡೂ ಕಡೆ ಅದು ಕಳ್ಳತನವೇ, ಅದೇ 303ನೇ ಸೆಕ್ಷನ್ನೇ. ಶಿಕ್ಷೆ ಮಾತ್ರ ಬದಲು.

ವಿಸ್ತುಲಾ_ತೀರ

ಹೌದು ಸರ್, ಅದೇ ವ್ಯತ್ಯಾಸ. ಇನ್ನು ಇದಕ್ಕಿಂತ ಮಜಾ ಇರುವುದು ‘ಕ್ರಾಜೆಶ್ ಜ್ ವ್ವಾಮಾನ್ಯೆಮ್’ನಲ್ಲಿ. ಪದಶಃ ಹೇಳಿದರೆ ಒಡೆದು ಒಳಹೊಕ್ಕು ಕದಿಯುವುದು. ಎಲ್ಲ ನಿಘಂಟುಗಳಲ್ಲೂ ‘ಬರ್ಗ್ಲರಿ’ ಅಂತ ಇದೆ. ಇದು 279ನೇ ವಿಧಿ, 1ರಿಂದ 10 ವರ್ಷ ಜೈಲು. ಇದರಲ್ಲಿ 800 ಜ್ವೊತಿಯ ಗೆರೆ ಇಲ್ಲವೇ ಇಲ್ಲ. 5 ಜ್ವೊತಿಯ ವಸ್ತುವಾದರೂ ದೊಡ್ಡ ಅಪರಾಧವೇ. ಕಾರಿನ ಬೀಗ ಮುರಿದು ರೇಡಿಯೋ ತೆಗೆದರೂ ಇದೇ, ಸೈಕಲ್ ಬೀಗ ಕತ್ತರಿಸಿದರೂ ಇದೇ.

ಇನ್ನೂ ಕೇಳಿ. ಬ್ಯಾಂಕ್ ಕಾರ್ಡ್ ಬೀದಿಯಲ್ಲಿ ಸಿಕ್ಕಿತು ಅಂದುಕೊಳ್ಳಿ. ಪಿನ್ ಹಾಕದೆ ಯಂತ್ರಕ್ಕೆ ಸುಮ್ನೆ ತಾಗಿಸಿ ಬ್ರೆಡ್ಡು, ಸಿಗರೇಟು ಕೊಂಡ. ಎಷ್ಟು ದೊಡ್ಡ ಅಪರಾಧ? 2017ರಲ್ಲಿ ಪೋಲೆಂಡಿನ ಸುಪ್ರೀಂ ಕೋರ್ಟ್ ಇದನ್ನೂ ‘ಒಡೆದು ಕಳವು’ ಅಂತಲೇ ಹೇಳಿತು. ಖಾತೆಗಿದ್ದ ಎಲೆಕ್ಟ್ರಾನಿಕ್ ತಡೆಯನ್ನು ದಾಟಿದ್ದೇ ಒಡೆದ ಲೆಕ್ಕ. ಈಗ ಇದನ್ನು ಇಂಗ್ಲಿಷಿನಲ್ಲಿ ‘ಬರ್ಗ್ಲರಿ’ ಅಂತ ಬರೆದರೆ?

ಲಂಡನ್_ಮಳೆ

ಬರೆದರೆ ಇಲ್ಲಿನ ಜಡ್ಜ್ ಕಣ್ಣಮುಂದೆ ರಾತ್ರಿ, ಕಿಟಕಿ, ಮಲಗಿದ್ದ ಮನೆಯವರು ಬರುತ್ತಾರೆ. 1968ರ ಥೆಫ್ಟ್ ಆಕ್ಟ್ ಪ್ರಕಾರ ಬರ್ಗ್ಲರಿಗೆ ಕಟ್ಟಡ ಬೇಕೇ ಬೇಕು. ಅನುಮತಿ ಇಲ್ಲದೆ ಒಳಗೆ ಕಾಲಿಡಬೇಕು. ಬೀಗ ಮುರಿಯಬೇಕು ಅಂತೇನಿಲ್ಲ, ತೆರೆದ ಬಾಗಿಲಲ್ಲಿ ಹೋದರೂ ಬರ್ಗ್ಲರಿ. ಅಂದರೆ ಎರಡೂ ಪದ ಒಂದಕ್ಕೊಂದು ಅಡ್ಡಡ್ಡ ಕೂತಿವೆ. ಪೋಲಿಷ್‌ನಲ್ಲಿ ಒಡೆಯಬೇಕು, ಕಟ್ಟಡ ಬೇಡ. ಇಂಗ್ಲಿಷ್‌ನಲ್ಲಿ ಕಟ್ಟಡ ಬೇಕು, ಒಡೆಯಬೇಕಿಲ್ಲ.

ಯುರೋಪಿನ ಒಂದು ದೇಶ ಕೇಳಿದರೆ ಇನ್ನೊಂದು ದೇಶ ಆರೋಪಿಯನ್ನು ಹಿಡಿದು ಕಳಿಸುವ ‘ಯುರೋಪಿಯನ್ ಅರೆಸ್ಟ್ ವಾರಂಟ್’ ಬ್ರಿಟನ್ನಿನಲ್ಲಿ ಇದ್ದ ಕಾಲದಲ್ಲಿ ಪೋಲೆಂಡಿನಿಂದ ಇಂಥ ವಾರಂಟ್‌ಗಳು ಬ್ರಿಟನ್ನಿಗೆ ಬಹಳ ಬರುತ್ತಿದ್ದವು. ಅಲ್ಲಿನ ಪ್ರಾಸಿಕ್ಯೂಟರ್‌ಗಳಿಗೆ ‘ಇದು ಸಣ್ಣದು, ಬಿಡೋಣ’ ಅನ್ನುವ ಸ್ವಾತಂತ್ರ್ಯ ಕಡಿಮೆ, ಕಾನೂನು ಹೇಳಿದರೆ ಹಿಂಬಾಲಿಸಲೇಬೇಕು. ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ. ಕೊನೆಗೆ 2014ರಲ್ಲಿ ಬ್ರಿಟಿಷರು ತಮ್ಮ ಹಸ್ತಾಂತರ ಕಾನೂನಿಗೆ 21ಎ ಸೆಕ್ಷನ್ ಸೇರಿಸಿದರು. ಇಷ್ಟು ಸಣ್ಣ ತಪ್ಪಿಗೆ ಮನುಷ್ಯನನ್ನು ಹಿಡಿದು ಕಳಿಸುವುದು ಸರಿಯಾ ಅಂತ ಜಡ್ಜ್ ತೂಗಿ ನೋಡಬೇಕು ಅಂತ. ಆ ತೂಕ ಹಾಕುವಾಗ ಜಡ್ಜ್ ಕೈಯಲ್ಲಿ ಇರುವುದು ಅನುವಾದ ಮಾತ್ರ. ಅಲ್ಲಿ ‘ಬರ್ಗ್ಲರಿ’ ಅಂತ ಒಂದೇ ಪದ ಇದ್ದರೆ ತಕ್ಕಡಿ ಮೊದಲೇ ಒಂದು ಕಡೆ ವಾಲಿರುತ್ತದೆ.

ವಿಸ್ತುಲಾ_ತೀರ

ನಾನು ‘ಥೆಫ್ಟ್ ಬೈ ಬ್ರೇಕಿಂಗ್ ಅ ಸೆಕ್ಯೂರಿಟಿ ಬ್ಯಾರಿಯರ್’ ಅಂತ ಬರೆಯುತ್ತೇನೆ. ಕಿವಿಗೆ ಚಂದ ಇಲ್ಲ, ಒಪ್ಪುತ್ತೇನೆ. ಆದರೆ ಏನು ನಡೀತೋ ಅದನ್ನೇ ಹೇಳುತ್ತದೆ.

ಕೋರ್ಟು_ಕಟ್ಟೆ

ಒಂದು ಆಕ್ಷೇಪ ಎತ್ತುತ್ತೇನೆ. ಹೀಗೆ ಎಲ್ಲದಕ್ಕೂ ವಿವರಣೆ ಬರೆಯುತ್ತಾ ಹೋದರೆ ಅನುವಾದ ಅನ್ನುವುದು ವ್ಯಾಖ್ಯಾನ ಆಗಿಬಿಡುತ್ತದೆ. ಕೋರ್ಟಿಗೆ ಬೇಕಿರುವುದು ಹೆಸರು. ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಇಷ್ಟುದ್ದ ಸಾಲು ಓದಿದರೆ, ‘ಯಾವ ಸೆಕ್ಷನ್ ಅದು ಹೇಳ್ರೀ’ ಅಂತಾರೆ. ಓದುವವರು ಬ್ರಿಟಿಷರಾದರೆ ಬ್ರಿಟಿಷ್ ಹೆಸರು, ಅಮೆರಿಕದವರಾದರೆ ಅವರದು. ಹತ್ತಿರದ್ದನ್ನು ಹಾಕಿ ಮುಂದೆ ಹೋಗುವುದು ವ್ಯವಹಾರಕ್ಕೆ ಸರಿ ಅಲ್ವಾ?

ವಿಸ್ತುಲಾ_ತೀರ

ಇಲ್ಲ ಸರ್, ಇದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಕಾನೂನಿನ ಅಪರಾಧದ ಹೆಸರು ಹಾಕಿದ ಕೂಡಲೇ, ಆ ಮನುಷ್ಯ ಇಂಗ್ಲೆಂಡಿನಲ್ಲಿ ಆ ಅಪರಾಧ ಮಾಡಿದ ಹಾಗೆ ಓದಿಸುತ್ತದೆ. ಎರಡು ದೇಶದಲ್ಲೂ ಅದು ಅಪರಾಧವೇ ಅಲ್ಲವೇ ಅಂತ ತೀರ್ಮಾನ ಮಾಡುವುದು ಜಡ್ಜ್ ಕೆಲಸ. ನಾನು ಹೆಸರು ಹಾಕಿ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಹೇಗೆ? ಬೇಕಾದರೆ ಆ ಹುಡುಗನ ಸೈಕಲ್ ಚೀಟಿಯನ್ನೇ ನೋಡೋಣ.

ಕುಡಿದು ವಾಹನ ಓಡಿಸುವುದರಲ್ಲಿ ಪೋಲಿಷ್ ಕಾನೂನು ಎರಡು ಸ್ಥಿತಿ ಗುರುತಿಸುತ್ತದೆ. ರಕ್ತದಲ್ಲಿ ಸಾವಿರಕ್ಕೆ 0.2ರಿಂದ 0.5ರವರೆಗೆ ಇದ್ದರೆ ‘ಪೊ ಉಜಿಚು’, ಅಂದರೆ ಮದ್ಯ ಸೇವಿಸಿದ ನಂತರದ ಸ್ಥಿತಿ. 0.5 ದಾಟಿದರೆ ‘ನ್ಯೆತ್‌ಶೆಜ್ವೊಶ್ಚ್’, ಅಮಲಿನ ಸ್ಥಿತಿ. ಕಾರಿನಲ್ಲಿ ಮೊದಲನೆಯದು ವಿಕ್ರೊಚೆನ್ಯೆ, ಎರಡನೆಯದು ಪ್ಶೆಸ್ತೆಂಪ್ಸ್ತ್ವೊ. ಸೈಕಲ್‌ಗೂ ಹಾಗೇ ಇತ್ತು. 2013ರ ನವೆಂಬರ್‌ನಿಂದ ಸೈಕಲ್ ಸವಾರ ಎಷ್ಟೇ ಕುಡಿದಿದ್ದರೂ ಸಾಮಾನ್ಯವಾಗಿ ವಿಕ್ರೊಚೆನ್ಯೆಯಲ್ಲೇ ನಿಲ್ಲುತ್ತದೆ.

ಈಗ 0.4 ಅಂತ ಇಟ್ಟುಕೊಳ್ಳಿ, ಕಾರಿನಲ್ಲಿ. ಪೋಲೆಂಡಿನಲ್ಲಿ ಪೆಟ್ಟಿ ಅಫೆನ್ಸ್. ಇಂಗ್ಲೆಂಡಿನ ಮಿತಿ 0.8, ಹಾಗಾಗಿ ಅಲ್ಲಿ ಮಿತಿ ದಾಟಿದ ಲೆಕ್ಕವೇ ಇಲ್ಲ. ನಮ್ಮ ಊರಿನಲ್ಲಿ?

ಕೋರ್ಟು_ಕಟ್ಟೆ

ನಮ್ಮಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅಂದರೆ ನಿಮ್ಮ ಲೆಕ್ಕದಲ್ಲಿ 0.3. ಮೋಟಾರು ವಾಹನ ಕಾಯ್ದೆ 185. 0.4 ಆದರೆ ಸೀದಾ ಕೇಸ್.

ವಿಸ್ತುಲಾ_ತೀರ

ನೋಡಿದ್ರಾ? ಅದೇ ಎರಡು ಬಿಯರ್. ಒಂದು ದೇಶದಲ್ಲಿ ಸೀದಾ ಕೇಸ್, ಒಂದರಲ್ಲಿ ಪೆಟ್ಟಿ, ಒಂದರಲ್ಲಿ ಏನೂ ಇಲ್ಲ. ಇದನ್ನು ‘ಡ್ರಂಕ್ ಡ್ರೈವಿಂಗ್’ ಅಂತ ಬರೆದರೆ ಮೂವರೂ ಮೂರು ಅರ್ಥ ಮಾಡಿಕೊಳ್ಳುತ್ತಾರೆ. ‘ಆಫ್ಟರ್ ಕನ್ಸ್ಯೂಮಿಂಗ್ ಆಲ್ಕೊಹಾಲ್’ ಅಂತ ಬರೆದು ಅಂಕಿ ಹಾಕಿದರೆ ಯಾರೂ ತಪ್ಪಿ ನಡೆಯುವುದಿಲ್ಲ.

ಕೋರ್ಟು_ಕಟ್ಟೆ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಮೇಡಂ. ಆದರೂ ಮಾಮೂಲಿ ಥೆಫ್ಟ್, ರಾಬರಿಗಳಿಗೆ ಬರುವ ಹೆಸರೇ ಸಾಕು ಅನ್ನುತ್ತೇನೆ.

ವಿಸ್ತುಲಾ_ತೀರ

ರಾಬರಿಗೆ ಸಾಕು. ‘ರೊಜ್ಬುಯ್’ ಅಂದರೆ ರಾಬರಿಯೇ, ಜಗಳ ಇಲ್ಲ.

ವ್ರೊತ್ಸ್ವಾಫ್_ವಿದ್ಯಾರ್ಥಿ

ಅಕ್ಕ, ಹಾಸ್ಟೆಲ್ ಹತ್ತಿರ ಹೊಡೆದಾಟ ಆಗಿತ್ತು. ನ್ಯೂಸಲ್ಲಿ ಒಂದು ಕಡೆ ‘ಬುಯ್ಕಾ’, ಇನ್ನೊಂದು ಕಡೆ ‘ಪೊಬಿಚ್ಯೆ’ ಅಂತ ಬಂತು. ಎರಡೂ ಒಂದೇನಾ?

ಕೋರ್ಟು_ಕಟ್ಟೆ

ವಿಸ್ತುಲಾ ಅವರು ಉತ್ತರಿಸುವ ಮೊದಲು ನಾನು ಊಹಿಸುತ್ತೇನೆ. ಕನ್ನಡದಲ್ಲಿ ಹೊಡೆದಾಟ ಮತ್ತು ಹಲ್ಲೆ ಇರುವ ಹಾಗೆ?

ವಿಸ್ತುಲಾ_ತೀರ

ಭಲೇ ಸರ್! ಅದೇ. ಬುಯ್ಕಾದಲ್ಲಿ ಎಲ್ಲರೂ ಹೊಡೆಯುತ್ತಾರೆ, ಎಲ್ಲರೂ ತಿನ್ನುತ್ತಾರೆ, ಕನಿಷ್ಠ ಮೂರು ಜನ ಬೇಕು. ಪೊಬಿಚ್ಯೆಯಲ್ಲಿ ಇಬ್ಬರೋ ಜಾಸ್ತಿಯೋ ಸೇರಿ ಒಬ್ಬನಿಗೆ ಬಾರಿಸುತ್ತಾರೆ. ಇವು ವಿಕ್ರೊಚೆನ್ಯೆ ಅಲ್ಲ, ದೊಡ್ಡ ಸಂಹಿತೆಯವು. ಇಂಗ್ಲೆಂಡಿನ ಕಾನೂನಿನಲ್ಲಿ ಹೊಡೆದಾಟಕ್ಕೆ ಇರುವ ‘ಅಫ್ರೇ’ಯಲ್ಲಿ ಈ ತಲೆ ಎಣಿಕೆ ಇಲ್ಲ. ಮೊದಲನೆಯದಕ್ಕೆ ‘ಬ್ರಾಲ್’, ಎರಡನೆಯದಕ್ಕೆ ‘ಗ್ರೂಪ್ ಬೀಟಿಂಗ್’ ಅಂತ ಸರಳವಾಗಿ ಹಾಕುತ್ತೇನೆ.

ಕೋರ್ಟು_ಕಟ್ಟೆ

ನಮ್ಮ ಡಕಾಯಿತಿಗೆ ಐದು ಜನ ಬೇಕು, ನಾಲ್ಕೇ ಜನ ಬಂದರೆ ರಾಬರಿ. ತಲೆ ಎಣಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ.

ಪೊಜ್ನಾನ್_ಪುಟ್ಟ

ಇನ್ನೊಂದು ಗೊಂದಲ ಉಳಿದಿದೆ. ‘ಆರೆಶ್ತ್’. ಇದನ್ನು ಎಲ್ಲರೂ ‘ಅರೆಸ್ಟ್’ ಅಂತಲೇ ಹಾಕುತ್ತಾರೆ.

ವಿಸ್ತುಲಾ_ತೀರ

ಹಾಕಬಾರದು. ಆರೆಶ್ತ್ ಅಂದರೆ ತೀರ್ಪಾದ ಮೇಲೆ ಕೊಡುವ ಶಿಕ್ಷೆ. ಮೇಲೆ ಹೇಳಿದ 5ರಿಂದ 30 ದಿನ ಕೂಡಿಹಾಕುವುದು ಇದೇ. ಪೊಲೀಸರು ಬಂದು ಹಿಡಿಯುವುದಕ್ಕೆ ‘ಜಾತ್‌ಶಿಮಾನ್ಯೆ’ ಅನ್ನುತ್ತಾರೆ. ಅದು 48 ಗಂಟೆಯವರೆಗೆ. ಇಂಗ್ಲಿಷಿನ ‘ಅರೆಸ್ಟ್’ ಅದಕ್ಕೆ ಹೊಂದುತ್ತದೆ. ವಿಚಾರಣೆ ಮುಗಿಯುವ ತನಕ ಒಳಗಿಡುವುದಕ್ಕೆ ‘ತಿಮ್ಚಾಸೊವೆ ಆರೆಶ್ತೊವಾನ್ಯೆ’. ಅದು ‘ಪ್ರೀ-ಟ್ರಯಲ್ ಡಿಟೆನ್ಷನ್’. ‘20 ದಿನ ಅರೆಸ್ಟ್ ಶಿಕ್ಷೆ’ ಅಂತ ಬರೆದರೆ ಇಂಗ್ಲಿಷ್ ಬಲ್ಲವನು ತಲೆ ಕೆರೆದುಕೊಳ್ಳುತ್ತಾನೆ. ‘ಶಾರ್ಟ್-ಟರ್ಮ್ ಕಸ್ಟಡಿ’ ಅಂದರೆ ತಿಳಿಯುತ್ತದೆ.

ಇದರಿಂದ ದಾಖಲೆಗೂ ಪರಿಣಾಮ ಇದೆ. ಸಾಮಾನ್ಯ ವಿಕ್ರೊಚೆನ್ಯೆಯ ದಂಡ ಪೋಲೆಂಡಿನ ರಾಷ್ಟ್ರೀಯ ಅಪರಾಧ ದಾಖಲೆಗೆ ಹೋಗುವುದಿಲ್ಲ. ಆರೆಶ್ತ್ ಶಿಕ್ಷೆಯಾದವರು ಮಾತ್ರ ಹೋಗುತ್ತಾರೆ. ಪುಟ್ಟ ಅವರೇ, ಹುಡುಗ ಅಲ್ಲಿಂದ ಒಂದು ‘ಅಪರಾಧ ದಾಖಲೆ ಇಲ್ಲ’ ಅನ್ನುವ ಪತ್ರ ತೆಗೆಸಿ ಜೊತೆಗಿಡಲಿ. ನೂರು ಟಿಪ್ಪಣಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಜನರನ್ನು ಕರೆಯುವ ಪದಗಳಲ್ಲೂ ಇದೇ ಎಚ್ಚರ ಬೇಕು. ಚಿಲ್ಲರೆ ತಪ್ಪಿನಲ್ಲಿ ಕೋರ್ಟ್ ಮುಂದೆ ನಿಂತವನು ‘ಒಬ್ವಿನ್ಯೊನಿ’. ದೊಡ್ಡ ಅಪರಾಧದಲ್ಲಿ ನಿಂತವನು ‘ಓಸ್ಕಾರ್ಜೊನಿ’. ಎರಡಕ್ಕೂ ‘ಅಕ್ಯೂಸ್ಡ್’ ಹಾಕಿದರೆ ನಾವು ಇಷ್ಟು ಹೊತ್ತು ಕಾಪಾಡಿದ ಗೆರೆ ಅಲ್ಲೇ ಅಳಿಸಿಹೋಗುತ್ತದೆ. ಮೊದಲನೆಯವನನ್ನು ನಾನು ‘ರೆಸ್ಪಾಂಡೆಂಟ್ ಇನ್ ಪೆಟ್ಟಿ ಅಫೆನ್ಸ್ ಪ್ರೊಸೀಡಿಂಗ್ಸ್’ ಅನ್ನುತ್ತೇನೆ. ಉದ್ದ ಆಗಲಿ ಬಿಡಿ. ಪುಟಕ್ಕೆ 1125 ಅಕ್ಷರ ಅಂತ ಲೆಕ್ಕ ಹಾಕಿ ಹಣ ಕೊಡುವ ದೇಶ ಇದು, ನನಗೇನೂ ನಷ್ಟ ಇಲ್ಲ!

ಹರಟೆಮಲ್ಲ

ಈಗ ಗೊತ್ತಾಯ್ತು ಈ ವಿವರಣೆ ಪ್ರೀತಿ ಎಲ್ಲಿಂದ ಬಂತು ಅಂತ.

ಕೋರ್ಟು_ಕಟ್ಟೆ

ಅನುವಾದದ ದುಡ್ಡು ಅಂದಾಗ ನೆನಪಾಯಿತು. ಯುರೋಪಿನ ಮಾನವ ಹಕ್ಕು ನ್ಯಾಯಾಲಯದಲ್ಲಿ ಓಜ್ತುರ್ಕ್ ಅಂತ ಒಂದು ಕೇಸಿದೆ, 1984ರದ್ದು. ಜರ್ಮನಿಯಲ್ಲಿದ್ದ ತುರ್ಕಿಯ ಮನುಷ್ಯ. ನಿಂತಿದ್ದ ಕಾರಿಗೆ ಗುದ್ದಿದ್ದ, ಅಷ್ಟೆ. ಜರ್ಮನಿಯವರೂ ಇಂಥದ್ದನ್ನು ಕ್ರೈಮ್ ಪಟ್ಟಿಯಿಂದ ತೆಗೆದು ಬೇರೆ ವರ್ಗಕ್ಕೆ ಹಾಕಿದ್ದರು. ಹಾಗಾಗಿ ದುಭಾಷಿಯ ಖರ್ಚು 63.90 ಮಾರ್ಕ್ ನೀನೇ ಕೊಡು ಅಂದರು. ಕೋರ್ಟ್ ಒಪ್ಪಲಿಲ್ಲ. ನೀವು ಯಾವ ಹೆಸರಿಟ್ಟರೂ ಶಿಕ್ಷೆಯ ಸ್ವಭಾವ ಇದ್ದರೆ ಆರೋಪಿಗೆ ಉಚಿತ ದುಭಾಷಿ ಕೊಡಬೇಕು ಅಂತ ಹೇಳಿತು. ವಿಸ್ತುಲಾ ಅವರೇ, ಇದು ನಿಮ್ಮ ವಾದಕ್ಕೆ ಸ್ವಲ್ಪ ತೊಡಕು ಅಲ್ವಾ? ಆ ಕೋರ್ಟಿನ ಲೆಕ್ಕದಲ್ಲಿ ಚಿಲ್ಲರೆ ತಪ್ಪೂ ‘ಕ್ರಿಮಿನಲ್’ ವಿಷಯವೇ.

ವಿಸ್ತುಲಾ_ತೀರ

ತೊಡಕು ಇಲ್ಲ ಸರ್. ಹಕ್ಕು ಕೊಡುವಾಗ ಕ್ರಿಮಿನಲ್ ಅಂತ ದೊಡ್ಡ ಮನಸ್ಸು ಮಾಡಲಿ, ಒಳ್ಳೆಯದೇ. ಹಣೆಪಟ್ಟಿ ಕಟ್ಟುವಾಗ ಬೇಡ. 2010ರ ಯುರೋಪಿನ ಅನುವಾದ ನಿರ್ದೇಶನವೂ ಚಿಲ್ಲರೆ ತಪ್ಪುಗಳಿಗೆ ಬೇರೆ ದಾರಿ ಇಟ್ಟಿದೆ. ಪೊಲೀಸರಂಥವರು ಬೀದಿಯಲ್ಲಿ ಹಾಕಿದ ದಂಡಕ್ಕೆ ಅನ್ವಯಿಸುವುದಿಲ್ಲ, ಅದು ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಅನ್ವಯಿಸುತ್ತದೆ. ಹಾಗಾಗಿ ಬೀದಿಯಲ್ಲಿ ಪೋಲಿಷ್ ಬಾರದ ಹುಡುಗ ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ತಿಳಿಯದೇ ಸಹಿ ಹಾಕುತ್ತಾನೆ. ನನಗೆ ನಿಜವಾಗಿ ಸಿಟ್ಟು ಬರುವುದು ಅಲ್ಲಿ.

ವ್ರೊತ್ಸ್ವಾಫ್_ವಿದ್ಯಾರ್ಥಿ

ಬೀದಿಯಲ್ಲಿ ಕೆಟ್ಟ ಮಾತು ಆಡಿದ್ರೂ ದಂಡ ಅಂತಾರಲ್ಲ, ಹೌದಾ? ಇಲ್ಲಿ ಎಲ್ರೂ ಎರಡು ಪದಕ್ಕೊಂದು ಸಲ ‘ಕುರ್ವಾ’ ಅಂತಾರೆ.

ವಿಸ್ತುಲಾ_ತೀರ

ಹೌದು, 141ನೇ ವಿಧಿ, 1500 ಜ್ವೊತಿಯವರೆಗೆ. ಕಾಡಿನಲ್ಲಿ ತರಗೆಲೆ ಕೆದಕಿ ಅಣಬೆ ಹಾಳುಮಾಡಿದರೂ ವಿಕ್ರೊಚೆನ್ಯೆ, ಅದು 163. ಅಣಬೆ ಆರಿಸುವುದು ಇವರಿಗೆ ಹಬ್ಬ ಇದ್ದ ಹಾಗೆ, ಅದಕ್ಕೇ ಈ ಕಾಳಜಿ. ಅನುವಾದಕ್ಕೆ ಎರಡೂ ಸುಲಭ, ಇದ್ದದ್ದನ್ನು ಇದ್ದ ಹಾಗೆ ಬರೆದರಾಯಿತು.

ಪೊಜ್ನಾನ್_ಪುಟ್ಟ

ಕೊನೆಯದೊಂದು. ಇನ್ನೊಬ್ಬರ ಕೋರ್ಟ್ ಕಾಗದದ ಬುಡದಲ್ಲಿ ‘ಪೊಉಚೆನ್ಯೆ’ ಅಂತ ದಪ್ಪ ಅಕ್ಷರದಲ್ಲಿ ಇದೆ. ಏಜೆನ್ಸಿಯವರು ಅದಕ್ಕೆ ‘ವಾರ್ನಿಂಗ್’ ಅಂತ ಹಾಕಿದ್ದಾರೆ. ಪೊಲೀಸರು ದಂಡ ಹಾಕದೆ ಬುದ್ಧಿ ಹೇಳಿ ಬಿಟ್ಟರೂ ಅದೇ ಪದ ಅಂತ ಕೇಳಿದ್ದೇನೆ. ಹಾಗಾದರೆ ಸರಿ ಇದೆಯಾ?

ವಿಸ್ತುಲಾ_ತೀರ

ಬೀದಿಯಲ್ಲಾದರೆ ಸರಿ. ಕಾಗದದ ಬುಡದಲ್ಲಿದ್ದರೆ ಅದು ಎಚ್ಚರಿಕೆ ಅಲ್ಲ, ನಿಮಗಿರುವ ಹಕ್ಕುಗಳ ತಿಳಿವಳಿಕೆ. ‘ನೋಟಿಸ್ ಆಫ್ ರೈಟ್ಸ್’ ಅಂತ ತಿದ್ದಿ. ಅದರ ಕೆಳಗಿನ ಸಾಲುಗಳನ್ನು ಈಗಲೇ ಓದಿ. ವಿಚಾರಣೆ ಇಲ್ಲದೆ ಕೊಟ್ಟ ‘ವಿರೊಕ್ ನಾಕಾಜೊವಿ’ ಆಗಿದ್ದರೆ ಆಕ್ಷೇಪ ಸಲ್ಲಿಸಲು ಕಾಗದ ಕೈಸೇರಿದ ದಿನದಿಂದ 7 ದಿನ ಮಾತ್ರ ಇರುತ್ತದೆ. ಕಾಗದ ಯಾವತ್ತು ಬಂತು?

ಪೊಜ್ನಾನ್_ಪುಟ್ಟ

ಸೋಮವಾರ. ಈಗಲೇ ಅವರಿಗೆ ಫೋನ್ ಮಾಡುತ್ತೇನೆ.